ಬಿಲ್ಲೆಯಮ್ಮ ಗಂಟೆ ಬಾರಿಸಿದ ದಿನ

ವಿಮಾನ ನಿಲ್ದಾಣಕ್ಕೆ ಬರುವ ಜನ ಮುಂಬಾಗಿಲಿನಿಂದ ಬಂದು ಮುಂಬಾಗಿಲಿನ ಮಾತನ್ನೇ ಆಡಿಕೊಂಡು ಹೋಗುತ್ತಾರೆ. ಟಿಕೆಟ್ಟು, ಪೆಟ್ಟಿಗೆಯ ಭಾರ, ಕಿಟಕಿ ಪಕ್ಕದ ಸೀಟು, ತಡವಾದರೆ ಕೌಂಟರಿನಲ್ಲಿ ಸಿಕ್ಕವರ ಮೇಲೆ ರೇಗಾಟ. ವಿಮಾನಕ್ಕೂ ಒಂದು ಹಿತ್ತಲು ಇರುತ್ತದೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ರನ್‌ವೇಯ ಆಚೆ ತುದಿಯಲ್ಲಿ ಬೇಲಿಗೆ ಬೆನ್ನು ಕೊಟ್ಟು ನಿಂತಿರುವ ತಗಡಿನ ಭಾರೀ ಶೆಡ್ಡೇ ಆ ಹಿತ್ತಲು. ಅದನ್ನು ಹ್ಯಾಂಗರ್ ಎನ್ನುತ್ತಾರೆ. ಹಾರಿ ಹಾರಿ ದಣಿದ ವಿಮಾನವನ್ನು ಅಲ್ಲಿಗೆ ಎಳೆದು ತಂದು, ಮೈಮೇಲಿನ ಮುಚ್ಚಳಗಳನ್ನೆಲ್ಲ ಬಿಚ್ಚಿ, ಒಳಗೆ ಕೈ ಹಾಕಿ, ಸವೆದದ್ದನ್ನು ಬದಲಾಯಿಸಿ, ಒಣಗಿದ್ದಕ್ಕೆ ಎಣ್ಣೆ ಹಾಕಿ ಮತ್ತೆ ಮುಚ್ಚಿ ಕಳಿಸುತ್ತಾರೆ.

ಆ ಹ್ಯಾಂಗರಿನ ಮೂಲೆಯಲ್ಲಿ ಒಂದು ಉಗ್ರಾಣ. ಸ್ಪ್ಯಾನರು, ಸ್ಕ್ರೂಡ್ರೈವರು, ಇಕ್ಕಳ, ಸುತ್ತಿಗೆ, ಟಾರ್ಚು, ಸಂದಿಯೊಳಗೆ ಇಣುಕುವುದಕ್ಕೆ ಉದ್ದ ಹಿಡಿಯ ಪುಟ್ಟ ಕನ್ನಡಿ, ಹೀಗೆ ರಿಪೇರಿಗೆ ಬೇಕಾದದ್ದೆಲ್ಲ ಅಲ್ಲಿ. ಗೋಡೆಯುದ್ದಕ್ಕೂ ಬಿಳಿ ಹಲಗೆ. ಹಲಗೆಯ ಮೇಲೆ ಒಂದೊಂದು ಸಾಮಾನಿನ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದು, ಮೇಲೊಂದು ಮೊಳೆ ಹೊಡೆದಿದ್ದಾರೆ. ಸಾಮಾನು ಮೊಳೆಯಲ್ಲಿ ನೇತಾಡುತ್ತಿದ್ದರೆ ಕಪ್ಪು ಮುಚ್ಚಿಹೋಗುತ್ತದೆ. ತೆಗೆದರೆ ಅದರ ನೆರಳು ಮಾತ್ರ ಉಳಿಯುತ್ತದೆ. ನೆರಳು ಎಂದೇ ಅಲ್ಲಿಯವರು ಕರೆಯುವುದು. ಯಾರಿಗೆ ಏನು ಬೇಕಾದರೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಡಬೇಕು. ಬಿಲ್ಲೆ ಆ ನೆರಳಿನ ಮೇಲೆ ಹೋಗಿ ಕೂರುತ್ತದೆ. ಸಾಮಾನು ವಾಪಸು ಬಂದ ಮೇಲೇ ಬಿಲ್ಲೆ ವಾಪಸು. ಕೆಲಸ ಮುಗಿದಾಗ ಹಲಗೆಯ ಮೇಲೆ ಒಂದೂ ನೆರಳು ಕಾಣದಿದ್ದರೆ ವಿಮಾನದ ಹೊಟ್ಟೆಯಲ್ಲಿ ಮನುಷ್ಯರು ಮರೆತದ್ದು ಏನೂ ಇಲ್ಲ ಎಂದರ್ಥ. ಆಗ ಉಗ್ರಾಣದಿಂದ “ಪೂರ್ತಿ” ಎಂಬ ಒಂದು ಮಾತು ಹೊರಡಬೇಕು. ಅದು ಹೊರಡುವ ತನಕ ವಿಮಾನ ಹ್ಯಾಂಗರಿನ ಗೆರೆ ದಾಟುವ ಹಾಗಿಲ್ಲ, ಪೈಲಟ್ ಎಷ್ಟು ದೊಡ್ಡ ಟೋಪಿಯವನೇ ಆಗಿರಲಿ.

ಆ ಮಾತು ಹೇಳುವವಳು ಬಿಲ್ಲೆಯಮ್ಮ. ತಾಯಿ ತಂದೆ ಇಟ್ಟ ಹೆಸರು ಬೇರೆ ಇತ್ತು, ಆದರೆ ಸಂಬಳದ ದಿನ ಬಿಟ್ಟರೆ ಅದರ ನೆನಪು ಯಾರಿಗೂ ಆಗುತ್ತಿರಲಿಲ್ಲ. ಕಿಟಕಿಗೆ ಯಾರೇ ಬರಲಿ, ನಮಸ್ಕಾರಕ್ಕೂ ಮೊದಲು ಆಕೆಯ ಬಾಯಿಂದ ಬರುತ್ತಿದ್ದ ಮಾತು “ಬಿಲ್ಲೆ?” ಒಮ್ಮೆ ಮೇಲಿನ ಆಫೀಸಿನ ದೊಡ್ಡ ಸಾಹೇಬರು ಕುರ್ಚಿಯ ಸ್ಕ್ರೂ ಬಿಗಿ ಮಾಡಲು ಏನಾದರೂ ಕೊಡಿ ಎಂದು ನಗುನಗುತ್ತ ಬಂದರು. ಬಿಲ್ಲೆ ಇಲ್ಲದೆ ನಗುನಗುತ್ತಲೇ ವಾಪಸು ಹೋದರು. ಅವರ ಕುರ್ಚಿ ಈಗಲೂ ಅಲ್ಲಾಡುತ್ತದೆ ಎಂದು ಹ್ಯಾಂಗರಿನವರು ಹೇಳಿಕೊಂಡು ಸಂತೋಷಪಡುತ್ತಾರೆ.

ಕಿಟಕಿಯ ಪಕ್ಕದಲ್ಲಿ ಒಂದು ಗಂಟೆ ನೇತಾಡುತ್ತಿತ್ತು. ಸಾಮಾನು ಕಾಣೆಯಾದರೆ ಬಾರಿಸುವುದಕ್ಕೆ. ಗಂಟೆ ಕೇಳಿಸಿದರೆ ಎಲ್ಲರೂ ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು ಬರಬೇಕು. ಅದನ್ನು ಕೊನೆಯ ಸಲ ಬಾರಿಸಿದ್ದು ಯಾವಾಗ ಎಂಬುದರ ಮೇಲೆ ಟೀ ಹೊತ್ತಿನಲ್ಲಿ ಜಗಳವೇ ಆಗುತ್ತಿತ್ತು. ಹ್ಯಾಂಗರಿನ ಚೀಫ್ ಹೊಸದಾಗಿ ಸೇರಿದವರನ್ನು ಆ ಗಂಟೆಯ ಕೆಳಗೆ ನಿಲ್ಲಿಸಿ ಒಂದೇ ಮಾತು ಹೇಳುತ್ತಿದ್ದರು: “ಸಾಮಾನು ಕಳೆದ್ರೆ ಬಂದು ಹೇಳಿ. ಬೈಯಲ್ಲ, ಎಲ್ಲರೂ ಸೇರಿ ಹುಡುಕೋಣ. ಮುಚ್ಚಿಟ್ಟಿದ್ದು ಗೊತ್ತಾದ್ರೆ ಮಾತ್ರ ಗೇಟಿನ ಆಚೆ.” ಚೀಫ್ ಮಿತಭಾಷಿ. ಹೇಳಿದ್ದನ್ನು ಮಾಡುವ ಪೈಕಿ.

ಇನ್ನು ಅಳಿಯನ ವಿಷಯ. ಬಿಲ್ಲೆಯಮ್ಮನ ಒಬ್ಬಳೇ ಮಗಳ ಗಂಡ ಅದೇ ಹ್ಯಾಂಗರಿನಲ್ಲಿ ಮೆಕ್ಯಾನಿಕ್. ಮೂವರೂ ಇರುವುದು ಒಂದೇ ಮನೆ. ಕೆಳಗೆ ಮಗಳು ಅಳಿಯ, ಮಹಡಿಯ ಮೇಲೆ ಅತ್ತೆ. ಮನೆಯಲ್ಲಿ ಅವನು ಊಟಕ್ಕೆ ಕೂತರೆ ಮೊದಲ ತಟ್ಟೆ ಅವನದು, ಫ್ಯಾನಿನ ಕೆಳಗಿನ ಕುರ್ಚಿ ಅವನದು, “ನೀವು” “ಬನ್ನಿ” “ಹೋಗಿ” ಎಲ್ಲ ಅವನಿಗೆ. ಹ್ಯಾಂಗರಿನಲ್ಲಿ ಬಿಲ್ಲೆ ಮರೆತು ಬಂದರೆ ಒಂದು ಮೊಳೆಯೂ ಸಿಗದು. ಅವನೂ ಅಷ್ಟೇ, ಮನೆಯಲ್ಲಿ “ಅತ್ತೆ”, ಕಿಟಕಿಯ ಮುಂದೆ “ಮೇಡಂ.” ಇದನ್ನು ನೋಡುವುದಕ್ಕೆಂದೇ ಕೆಲವರು ಅವನ ಹಿಂದೆ ಸಾಲು ನಿಲ್ಲುತ್ತಿದ್ದರು. ರೆಕ್ಕೆಗಳಿಗೆ ಬಣ್ಣ ಬಳಿಯುವ ಉದ್ದಣ್ಣನಂತೂ, “ಅಳಿಯಂದಿರು ದಯಮಾಡಿಸ್ತಾ ಇದಾರೆ, ಮೇಡಂ, ಕಾಲಿಗೆ ನೀರು ಕೊಡಿ,” ಎಂದು ದಿನಾ ಕೂಗುವವನೇ. ಕೊನೆಗೆ ಇಡೀ ಹ್ಯಾಂಗರ್ ಅವನನ್ನು ಅಳಿಯಂದಿರು ಎಂದೇ ಕರೆಯತೊಡಗಿತು. ಅವನು ಬೇಸರಿಸದೆ ನಗುತ್ತಿದ್ದ. ಒಳ್ಳೆಯ ಮನುಷ್ಯ. ಕೈ ಚುರುಕು, ಮಾತು ಮೆದು. ಒಂದೇ ದೋಷ: ತಪ್ಪು ಮಾಡಿದೆ ಎಂದು ಯಾರ ಎದುರಿಗೂ ಹೇಳಲಾರ. ಮನೆಯಲ್ಲಿ ಒಂದು ಲೋಟ ಒಡೆದರೂ ಅದರ ಚೂರುಗಳನ್ನು ಪೇಪರಿನಲ್ಲಿ ಸುತ್ತಿ, ಯಾರಿಗೂ ಕಾಣದ ಹಾಗೆ ಬೀದಿ ಕೊನೆಯ ತೊಟ್ಟಿಗೆ ಹಾಕಿ ಬರುತ್ತಿದ್ದ. ಬಿಲ್ಲೆಯಮ್ಮ ಅದನ್ನು ಮಹಡಿಯ ಕಿಟಕಿಯಿಂದ ನೋಡಿ, ಹೋಗಲಿ ಎಂದು ಹೊಟ್ಟೆಗೆ ಹಾಕಿಕೊಂಡಿದ್ದಳು. ಲೋಟ ತಾನೇ.

ಆ ವಾರ ಅವನಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಪಾಸಾದರೆ ಸಹಿ ಹಾಕುವ ಅಧಿಕಾರ. ಮೆಕ್ಯಾನಿಕ್ ಕೆಲಸ ಮಾಡುತ್ತಾನೆ. ಸಹಿಯವನು, ಈ ವಿಮಾನ ಹಾರಬಹುದು ಎಂದು ಬರೆದುಕೊಡುತ್ತಾನೆ. ಆ ಸಹಿ ಬಿದ್ದ ಮೇಲೆ ಪೈಲಟ್ ಹತ್ತುತ್ತಾನೆ, ಪೈಲಟ್ ಹಿಂದೆ ಜನ ಹತ್ತುತ್ತಾರೆ. ಯಾರೂ ಮುಚ್ಚಳ ಬಿಚ್ಚಿ ನೋಡುವುದಿಲ್ಲ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಮಗಳು ಬಾಗಿಲವರೆಗೂ ಬಂದು, “ಅಮ್ಮಾ, ಪರೀಕ್ಷೆ ಮುಗಿಯೋವರೆಗೂ ಅವರನ್ನ ಕಿಟಕೀಲಿ ಕಾಡಿಸಬೇಡ. ಸರಿಯಾಗಿ ನಿದ್ದೇನೂ ಮಾಡ್ತಿಲ್ಲ,” ಎಂದಿದ್ದಳು.

“ನಾನು ಯಾರನ್ನ ಕಾಡಿಸ್ತೀನೇ? ಬಿಲ್ಲೆ ಕೇಳ್ತೀನಿ ಅಷ್ಟೇ,” ಎಂದು ಬಿಲ್ಲೆಯಮ್ಮ ಚಪ್ಪಲಿ ಮೆಟ್ಟಿದ್ದಳು.

ಹ್ಯಾಂಗರಿನಲ್ಲಿ ಆ ದಿನ ಇದ್ದದ್ದು ಒಂದು ಸಣ್ಣ ವಿಮಾನ, ರೆಕ್ಕೆಗೊಂದರಂತೆ ಎರಡು ಫ್ಯಾನು, ಹತ್ತಿರದ ಊರುಗಳಿಗೆ ಹೋಗಿ ಬರುವಂಥದ್ದು. ತಪಾಸಣೆ ಮುಗಿಸಿಕೊಂಡು ಸಂಜೆಗೆ ಜನರನ್ನು ಹತ್ತಿಸಿಕೊಂಡು ಹೊರಡಬೇಕಿತ್ತು. ಅಳಿಯನಿಗೆ ಸಿಕ್ಕಿದ್ದು ಬಾಲದ ಕೆಲಸ. ಬಾಲದ ಒಳಗೆ ಹೋಗಲು ಒಂದು ಚಿಕ್ಕ ಬಾಗಿಲು. ಮೈ ಮುದುರಿಕೊಂಡು ತೂರಬೇಕು. ಒಳಗೆ ಉದ್ದ ಸ್ಕ್ರೂಡ್ರೈವರು ತಿರುಗಿಸಲು ಜಾಗ ಸಾಲದು ಎಂದು ಬೆಳಿಗ್ಗೆಯೇ ಮೋಟು ಸ್ಕ್ರೂಡ್ರೈವರು ಒಯ್ದಿದ್ದ. ಅಂಗೈಯಲ್ಲಿ ಅಡಗುವಷ್ಟೇ ಉದ್ದದ್ದು. ಅವನ ಬಿಲ್ಲೆ ಅದರ ನೆರಳಿನ ಮೇಲೆ ಕೂತಿತ್ತು.

ಮಧ್ಯಾಹ್ನ ಒಂದು ವಿಚಿತ್ರವಾಯಿತು. ದಿನಾ ಊಟದ ಡಬ್ಬಿ ಹಿಡಿದು ಉಗ್ರಾಣದ ಹಿಂದಿನ ಬೆಂಚಿಗೆ ಬರುವ ಅಳಿಯ ಅಂದು ಬರಲಿಲ್ಲ. ಸ್ಕೂಟರ್ ಹತ್ತಿ ಮನೆಗೆ ಹೋದನಂತೆ. ಡಬ್ಬಿ ಬೆಂಚಿನ ಮೇಲೇ ಇತ್ತು. ಓದುವುದಕ್ಕೆ ಹೋಗಿರಬೇಕು ಎಂದುಕೊಂಡು ಬಿಲ್ಲೆಯಮ್ಮ ತನ್ನಷ್ಟಕ್ಕೆ ಊಟ ಮುಗಿಸಿದಳು. ಆಮೇಲೆ ಎಲ್ಲರೂ ಒಟ್ಟಿಗೆ ಸಾಮಾನು ಹಿಂದಿರುಗಿಸುವ ಹೊತ್ತು. ಕಿಟಕಿಯಲ್ಲಿ ಕೈಗಳೇ ಕೈಗಳು. ಅಳಿಯನೂ ಬಂದ, ಮೋಟು ಸ್ಕ್ರೂಡ್ರೈವರಿನ ಹಿಡಿಯನ್ನು ಆಕೆಯ ಕಡೆ ಮಾಡಿ ಮರ್ಯಾದೆಯಿಂದ ಕೊಟ್ಟ, ಬಿಲ್ಲೆ ಇಸಿದುಕೊಂಡ, ಮುಖ ನೋಡದೆ ಹೋದ. ನೆರಳುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು.

ಹಲಗೆ ತುಂಬಿತೆಂದು ಬಿಲ್ಲೆಯಮ್ಮ ಅಷ್ಟಕ್ಕೇ “ಪೂರ್ತಿ” ಎನ್ನುವವಳಲ್ಲ. ಎಣ್ಣೆ ಬಟ್ಟೆ ತೆಗೆದುಕೊಂಡು ಒಂದೊಂದೇ ಸಾಮಾನನ್ನು ಇಳಿಸಿ, ಒರೆಸಿ, ಮತ್ತೆ ಏರಿಸುತ್ತಿದ್ದಳು. ಮಕ್ಕಳ ಮುಖ ಒರೆಸಿ ಶಾಲೆಗೆ ಕಳಿಸುವವರ ಹಾಗೆ. ಉಳಿದವರಿಗೆ ಅದು ಮುದುಕಿಯ ಹುಚ್ಚು. ಆಕೆಗೆ ದಿನದಲ್ಲಿ ಅತ್ಯಂತ ಸುಖದ ಹೊತ್ತು ಅದೇ. ಹೊರಗೆ ಇಳಿಬಿಸಿಲು, ಒಳಗೆ ಎಣ್ಣೆಯ ವಾಸನೆ, ಕೈಗೆ ಕೆಲಸ, ಬಾಯಿಗೆ ಬಿಡುವು.

ಮೋಟು ಸ್ಕ್ರೂಡ್ರೈವರನ್ನು ಒರೆಸುವಾಗ ಅದರ ತುದಿ ಬಟ್ಟೆಯ ನೂಲಿಗೆ ಸಿಕ್ಕಿಕೊಂಡಿತು.

ಬಿಲ್ಲೆಯಮ್ಮನ ಕೈ ಅಲ್ಲೇ ನಿಂತಿತು. ಹ್ಯಾಂಗರಿನ ಸ್ಕ್ರೂಡ್ರೈವರಿನ ತುದಿ ಮುಕ್ಕಾಗಿದ್ದರೆ ಅದನ್ನು ಅಂದೇ ಬಿಸಾಡುತ್ತಾರೆ. ಇದರ ತುದಿಯ ಒಂದು ಮೂಲೆ ಮುಕ್ಕಾಗಿತ್ತು. ಬೆಳಕಿಗೆ ಹಿಡಿದಳು. ಕುತ್ತಿಗೆಯಲ್ಲಿ ಹ್ಯಾಂಗರಿನ ನಂಬರು ಇತ್ತು, ಸರಿಯಾದ ನಂಬರೇ. ಆದರೆ ಈಗಷ್ಟೇ ಗೀಚಿದ ಹಾಗೆ ಮಿರಮಿರ ಹೊಳೆಯುತ್ತಿತ್ತು. ನಂಬರು ನೋಡುವ ಅಗತ್ಯವೇ ಇರಲಿಲ್ಲ. ಆ ಮುಕ್ಕನ್ನು ಮಾಡಿದವಳು ಅವಳೇ. ಮದುವೆಯಾದ ಹೊಸದರಲ್ಲಿ, ಸಕ್ಕರೆ ಡಬ್ಬದ ಮುಚ್ಚಳ ಬಿಗಿಯಾಗಿ ಕೂತು, ಗಂಡನ ಟೂಲ್ ಪೆಟ್ಟಿಗೆಯಿಂದ ಇದನ್ನೇ ತೆಗೆದು ಮೀಟಿದ್ದಳು. ಮುಚ್ಚಳವೂ ಬಂತು, ತುದಿಯೂ ಹೋಯಿತು. ಇದೇ ಹ್ಯಾಂಗರಿನಲ್ಲಿ ಕೆಲಸಕ್ಕಿದ್ದ ಯಜಮಾನರು ಅಂದು ರಾತ್ರಿ ಮಾತೇ ಆಡಲಿಲ್ಲ. ಮಾರನೆಯ ದಿನ, “ಇರಲಿ ಬಿಡು, ನೀನು ಈ ಮನೆಗೆ ಬಂದ ಗುರುತು,” ಎಂದು ಅದನ್ನು ಪೆಟ್ಟಿಗೆಯಲ್ಲಿ ಮತ್ತೆ ಇಟ್ಟುಕೊಂಡರು. ಅವರು ಹೋದ ಮೇಲೆ ಪೆಟ್ಟಿಗೆಯನ್ನು ಅಳಿಯನಿಗೆ ಕೊಟ್ಟಿದ್ದು ಆಕೆಯೇ. “ಮನೇಲೇ ಇರಲಿ, ಹ್ಯಾಂಗರಿಗೆ ತರಬೇಡಿ,” ಎಂದು ಹೇಳಿಯೂ ಇದ್ದಳು. ಸ್ವಂತ ಸಾಮಾನು ಒಳಗೆ ತರುವುದು ಅಲ್ಲಿ ನಿಷಿದ್ಧ.

ಹಾಗಾದರೆ ಹ್ಯಾಂಗರಿನ ಮೋಟು ಸ್ಕ್ರೂಡ್ರೈವರು ಎಲ್ಲಿ?

ಯೋಚಿಸಲು ಬಹಳ ಏನೂ ಇರಲಿಲ್ಲ. ಬಾಲದ ಬಾಗಿಲು ಮುಚ್ಚಿ, ಇನ್‌ಸ್ಪೆಕ್ಟರ್ ಮೊಹರು ಹಾಕಿ ಹೋದ ಮೇಲೆ ಅಳಿಯನಿಗೆ ಜೇಬು ಖಾಲಿ ಎಂದು ಗೊತ್ತಾಗಿರಬೇಕು. ಮೊಹರು ಒಡೆಯಬೇಕಾದರೆ ಬಾಯಿ ಬಿಡಬೇಕು. ಪರೀಕ್ಷೆಯ ವಾರದಲ್ಲಿ, ಚೀಫ್ ಎದುರು, ಉದ್ದಣ್ಣನ ಎದುರು, ಅತ್ತೆಯ ಎದುರು. ಅವನು ಇಲ್ಲೂ ಲೋಟದ ಚೂರನ್ನು ಪೇಪರಿನಲ್ಲಿ ಸುತ್ತಿಬಿಟ್ಟ. ಎಲ್ಲೋ ಟೀ ಅಂಗಡಿಯಲ್ಲಿ ಬಿದ್ದಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ನಂಬಿಯೂ ಇರಬೇಕು. ನಂಬಬೇಕೆಂದಿರುವವನಿಗೆ ಎಷ್ಟು ಹೊತ್ತು ಬೇಕು.

ಬಾಲದ ಒಳಗೆ ಏನಿದೆ ಎಂದು ಬಿಲ್ಲೆಯಮ್ಮನಿಗೆ ಗೊತ್ತು. ಯಜಮಾನರು ಊಟದ ತಟ್ಟೆಯ ಮೇಲೆ ಬೆರಳಿನಲ್ಲಿ ಬರೆದು ತೋರಿಸುತ್ತಿದ್ದರು. ಪೈಲಟ್ ಕಡ್ಡಿ ಎಳೆದರೆ ಬಾಲದ ಪುಟ್ಟ ರೆಕ್ಕೆ ಏಳುತ್ತದೆ, ವಿಮಾನದ ಮೂಗು ಮೇಲಾಗುತ್ತದೆ. ತಳ್ಳಿದರೆ ಮೂಗು ಕೆಳಗೆ. ಕಡ್ಡಿಗೂ ರೆಕ್ಕೆಗೂ ನಡುವೆ ಇರುವುದು ಸೈಕಲ್ಲಿನ ಬ್ರೇಕಿನ ಹಾಗೆ ಒಂದು ತಂತಿ, ಅದು ಓಡಾಡಲು ಪುಟ್ಟ ರಾಟೆ. ಆ ರಾಟೆಯ ಸಂದಿಗೆ ಬೆರಳುದ್ದದ ಒಂದು ಕಬ್ಬಿಣ ಉರುಳಿ ಸಿಕ್ಕಿಕೊಂಡರೆ ಪೈಲಟ್ ಎಳೆದದ್ದು ಎಳೆದಲ್ಲೇ ಇರುತ್ತದೆ. ಮುಂದಿನದನ್ನು ಯಜಮಾನರೂ ಬೆರಳಿನಲ್ಲಿ ಬರೆದಿರಲಿಲ್ಲ.

ಹಾಗಾಗಿ ವಿಮಾನ ನಿಲ್ಲಿಸಬೇಕೋ ಬೇಡವೋ ಎಂಬ ಪ್ರಶ್ನೆ ಅವಳಿಗೆ ಒಂದು ಕ್ಷಣವೂ ಬರಲಿಲ್ಲ. ಬಂದದ್ದು ಬೇರೆ ಪ್ರಶ್ನೆ. ಮುಕ್ಕು ತುದಿಯನ್ನು ಚೀಫ್‌ಗೆ ತೋರಿಸಿದರೆ ಅಳಿಯ ಇವತ್ತೇ ಗೇಟಿನ ಆಚೆ. ಮಗಳ ಮುಖ ಕಣ್ಣ ಮುಂದೆ ಬಂತು. ಮಗಳು ತನ್ನನ್ನು ಇಡೀ ಜನ್ಮ ಕ್ಷಮಿಸಲಿಕ್ಕಿಲ್ಲ. ತೋರಿಸದಿದ್ದರೆ? ವಿಮಾನ ಹೇಗೂ ನಿಲ್ಲಿಸಬಹುದು, ಸಾಮಾನು ಹೇಗೂ ಸಿಗಬಹುದು, ಆದರೆ ನಾಳೆ ಈ ಮನುಷ್ಯ ಪರೀಕ್ಷೆ ಪಾಸಾಗಿ ಸಹಿ ಹಾಕಲು ಕೂರುತ್ತಾನೆ. ಅವನ ಸಹಿ ನಂಬಿ ಯಾರದೋ ಮಗಳು, ಯಾರದೋ ಅಳಿಯ ಹತ್ತಿ ಕೂರುತ್ತಾರೆ. ಅದನ್ನು ಹೊಟ್ಟೆಗೆ ಹಾಕಿಕೊಳ್ಳುವುದಕ್ಕೆ ಅವಳ ಹೊಟ್ಟೆ ಅಷ್ಟು ದೊಡ್ಡದಿರಲಿಲ್ಲ.

ಮುಕ್ಕು ಸ್ಕ್ರೂಡ್ರೈವರನ್ನು ತನ್ನ ನೀಲಿ ಕೋಟಿನ ಜೇಬಿಗೆ ಹಾಕಿಕೊಂಡಳು. ಮೊಳೆ ಖಾಲಿಯಾಯಿತು. ಕಪ್ಪು ನೆರಳು ಬಿಳಿ ಹಲಗೆಯ ಮೇಲೆ ಎದ್ದು ಕಾಣಿಸಿತು. ಬಾಯಿ ಬಿಡಲು ಅವನಿಗೊಂದು ಅವಕಾಶ ಕೊಡುತ್ತೇನೆ, ಎಂದು ತೀರ್ಮಾನಿಸಿದಳು. ವಿಮಾನ ಗೆರೆ ದಾಟುವ ತನಕ. ಅಷ್ಟರಲ್ಲಿ ಅವನು ಹೇಳದಿದ್ದರೆ ಈ ಮುಕ್ಕನ್ನು ನಾನೇ ಚೀಫ್ ಮೇಜಿನ ಮೇಲೆ ಇಡುತ್ತೇನೆ, ಮಗಳು ಏನಾದರೂ ಅಂದುಕೊಳ್ಳಲಿ.

ಮನಸ್ಸು ಗಟ್ಟಿ ಮಾಡಿಕೊಂಡು ಹೊರಗೆ ಬಂದು ಗಂಟೆಯ ಹಗ್ಗ ಎಳೆದಳು.

ಹ್ಯಾಂಗರಿಗೆ ಹ್ಯಾಂಗರೇ ಸ್ತಬ್ಧವಾಯಿತು. ಏಣಿಯ ಮೇಲಿದ್ದವರು ಇಳಿದರು, ರೆಕ್ಕೆಯ ಕೆಳಗಿದ್ದವರು ತೆವಳಿ ಬಂದರು. ಉದ್ದಣ್ಣ ಕುಂಚ ಹಿಡಿದುಕೊಂಡೇ ಓಡಿ ಬಂದು ದಾರಿಯುದ್ದಕ್ಕೂ ಹನಿ ಬೀಳಿಸಿದ. ಚೀಫ್ ಆಫೀಸಿನಿಂದ ನಿಧಾನವಾಗಿ ಬಂದರು. ನಿಧಾನವಾಗಿ ನಡೆದರೆ ಚೀಫ್ ಆತಂಕದಲ್ಲಿದ್ದಾರೆ ಎಂದು ಎಲ್ಲರಿಗೂ ಗೊತ್ತು.

“ಏನಮ್ಮಾ?”

“ಮೋಟು ಸ್ಕ್ರೂಡ್ರೈವರ್ ಇಲ್ಲ.”

“ಯಾರ ಬಿಲ್ಲೆ ಇದೆ ಅದರ ಮೇಲೆ?”

“ಬಿಲ್ಲೆ ಇಲ್ಲ.”

ಚೀಫ್ ಕಿಟಕಿಯಲ್ಲಿ ಇಣುಕಿ ಖಾಲಿ ನೆರಳನ್ನು ನೋಡಿದರು. ಅವರ ಹುಬ್ಬು ಗಂಟಾಯಿತು. ಬಿಲ್ಲೆಯೂ ಇಲ್ಲ, ಸಾಮಾನೂ ಇಲ್ಲ ಎಂದರೆ ಬಿಲ್ಲೆ ಇಲ್ಲದೆ ಸಾಮಾನು ಕೊಟ್ಟಿದ್ದಾರೆ ಎಂದಾಯಿತು. ಅಂಥ ತಪ್ಪು ಉಗ್ರಾಣದ್ದು.

“ನೀವೇ ಕೊಟ್ರಾ, ಬಿಲ್ಲೆ ಇಲ್ದೆ?”

ಬಿಲ್ಲೆಯಮ್ಮ ಖಾಲಿ ಮೊಳೆಯನ್ನೇ ನೋಡುತ್ತಿದ್ದಳು. ಕಣ್ಣನ್ನು ಯಾರ ಕಡೆಗೂ ತಿರುಗಿಸಲಿಲ್ಲ. ತಿರುಗಿಸದೆಯೂ, ಗುಂಪಿನ ಹಿಂದೆ ನಿಂತಿದ್ದ ಅಳಿಯನ ಮುಖ ಬಿಳುಚಿಕೊಂಡದ್ದು ಅವಳಿಗೆ ತಿಳಿಯಿತು. ತಾನು ತಂದು ಕೊಟ್ಟದ್ದು ಅಲ್ಲಿಲ್ಲ. ಅದರ ಅರ್ಥ ಈ ಹ್ಯಾಂಗರಿನಲ್ಲಿ ಅವನೊಬ್ಬನಿಗೆ ಮಾತ್ರ ಆಗುತ್ತಿತ್ತು.

“ಸರಿ,” ಎಂದರು ಚೀಫ್. “ಎಲ್ಲ ಬಿಚ್ಚಿ. ಇವತ್ತು ಮುಟ್ಟಿದ ಎಲ್ಲ ಮುಚ್ಚಳ. ಸಂಜೆ ವಿಮಾನ ತಡ ಅಂತ ನಾನು ಹೇಳ್ತೀನಿ.”

ಯಾರೂ ಗೊಣಗಲಿಲ್ಲ. ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಆಚೆ ತುದಿಯ ಕಟ್ಟಡದಲ್ಲಿ ಆ ಹೊತ್ತಿಗೆ ಜನ ಗಡಿಯಾರ ನೋಡಿ ಹಲ್ಲು ಕಡಿಯುತ್ತಿರಬೇಕು, ಯಾರೋ ಬೇಜವಾಬ್ದಾರಿಯವರು ಎಂದು ಬೈಯುತ್ತಿರಬೇಕು. ಈಚೆ, ಬೆಳಗಿನಿಂದ ಮಾಡಿದ ಕೆಲಸವನ್ನೆಲ್ಲ ತಾವೇ ಬಿಚ್ಚಿಕೊಳ್ಳುತ್ತ, ಟಾರ್ಚು ಹಿಡಿದು ಸಂದಿಸಂದಿಗೆ ಮುಖ ಒಡ್ಡುತ್ತ, ಇಷ್ಟೂ ಜನ ಬೆವರು ಸುರಿಸುತ್ತಿದ್ದರು.

ಅಳಿಯ ನೇರ ಬಾಲದ ಕಡೆಗೇ ಹೋದ. ಮೊಹರು ಒಡೆದು, ಮೈ ಮುದುರಿ ಒಳಗೆ ತೂರಿದ. ಅವನ ಬೂಟುಗಳು ಮಾತ್ರ ಹೊರಗಿದ್ದವು. ಬಿಲ್ಲೆಯಮ್ಮ ಕಿಟಕಿಯಿಂದ ಆ ಬೂಟುಗಳನ್ನೇ ನೋಡುತ್ತಿದ್ದಳು. ಸಿಗಲಿ ಎಂದು ಬೇಡಿಕೊಂಡಳು. ಸಿಗದಿದ್ದರೆ ಇನ್ನೂ ಭಯಂಕರ. ಬಹಳ ಹೊತ್ತಿನ ಮೇಲೆ ಬೂಟುಗಳು ಹಿಂದಕ್ಕೆ ಸರಿದವು. ಅವನು ಇಳಿದ. ಕೈಯಲ್ಲಿ ಮೋಟು ಸ್ಕ್ರೂಡ್ರೈವರು.

“ಸಿಕ್ತು,” ಎಂದ. “ರಾಟೆ ಪಕ್ಕ. ತಂತಿ ಕೆಳಗೆ.”

ಜನ ಚಪ್ಪಾಳೆ ತಟ್ಟಿದರು. ಉದ್ದಣ್ಣ ಅವನ ಬೆನ್ನಿಗೆ ಗುದ್ದಿ, “ಅಳಿಯಂದಿರ ಮೂಗು ನೋಡ್ರಪ್ಪಾ, ವಾಸನೆ ಹಿಡಿದು ಹೋದ್ರು,” ಎಂದ. ಚೀಫ್ ಸ್ಕ್ರೂಡ್ರೈವರನ್ನು ಕೈಯಲ್ಲಿ ಹಿಡಿದು ನಂಬರು ನೋಡಿದರು, ಒಂದು ದೊಡ್ಡ ಉಸಿರು ಬಿಟ್ಟರು, ಅಳಿಯನ ಭುಜ ತಟ್ಟಿದರು. ಮುಚ್ಚಳಗಳನ್ನೆಲ್ಲ ಮತ್ತೆ ಮುಚ್ಚಿ, ಬಾಲಕ್ಕೆ ಹೊಸ ಮೊಹರು ಬಿದ್ದು, ತೆಗೆದ ಸಾಮಾನೆಲ್ಲ ವಾಪಸಾದ ಮೇಲೆ ಅವನನ್ನು ಕರೆದುಕೊಂಡೇ ಉಗ್ರಾಣದ ಕಿಟಕಿಗೆ ಬಂದರು. ಅವರ ಹಿಂದೆ ಉಳಿದವರೂ ಬಂದರು.

“ತಗೊಳ್ಳಿ, ಅಮ್ಮಾ.” ಚೀಫ್ ಸ್ವರ ಏರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. “ಇಷ್ಟು ವರ್ಷದಲ್ಲಿ ನಿಮ್ಮಿಂದ ಇಂಥದ್ದು ಆಗಿರ್ಲಿಲ್ಲ. ವಯಸ್ಸಾಯ್ತು ಅಂತ ಕಾಣುತ್ತೆ. ನಾಳೆ ಆಫೀಸಿಗೆ ಬನ್ನಿ. ಈ ಕಿಟಕಿಗೆ ಬೇರೆಯವರನ್ನ ನೋಡೋ ಕಾಲ ಬಂತೋ ಏನೋ, ಮಾತಾಡೋಣ.”

ಎಲ್ಲರೂ ನೆಲ ನೋಡಿದರು. ಬಿಲ್ಲೆಯಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಈ ಮಾತು ಬರಬಹುದೆಂದು ಆಕೆ ಲೆಕ್ಕ ಹಾಕಿರಲಿಲ್ಲ. ಜೇಬಿನಲ್ಲಿ ಮುಕ್ಕು ತುದಿ ಬೆರಳಿಗೆ ಚುಚ್ಚುತ್ತಿತ್ತು. ತೆಗೆದು ತೋರಿಸಿದರೆ ಮುಗಿಯಿತು. ತೆಗೆಯಲಿಲ್ಲ. ಸ್ಕ್ರೂಡ್ರೈವರು ಇಸಿದುಕೊಂಡು, ಎಣ್ಣೆ ಬಟ್ಟೆಯಿಂದ ಎಂದಿನಂತೆ ಒರೆಸಿ, ಮೊಳೆಗೆ ಹಾಕಿದಳು. ನೆರಳು ಮುಚ್ಚಿಕೊಂಡಿತು.

“ಪೂರ್ತಿ,” ಎಂದಳು.

ಗುಂಪು ಚದುರತೊಡಗಿತು. ವಿಮಾನ ಎಳೆಯುವ ಟ್ರ್ಯಾಕ್ಟರ್ ಗುಡುಗುಟ್ಟಿಕೊಂಡು ಚಾಲೂ ಆಯಿತು. ಅಳಿಯನೂ ಬೆನ್ನು ತಿರುಗಿಸಿ ಹೊರಟ. ಬಿಲ್ಲೆಯಮ್ಮ ಅವನ ಬೆನ್ನನ್ನು ನೋಡುತ್ತ ನಿಂತಳು. ಎಲ್ಲ ಅವನ ಪರವಾಗಿ ಆಗಿಹೋಗಿತ್ತು. ಸಾಮಾನು ಸಿಕ್ಕಿತ್ತು, ಶಭಾಷ್ ಸಿಕ್ಕಿತ್ತು, ತಪ್ಪು ಇನ್ನೊಬ್ಬರ ತಲೆಗೆ ಹೋಗಿತ್ತು. ಇಂಥ ಲೋಟ ಒಡೆದರೆ ಚೂರು ಹೆಕ್ಕುವ ಕೆಲಸವೂ ಇಲ್ಲ. ಆಕೆಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ಮಗಳಿಗೆ ಏನೆಂದು ಹೇಳಲಿ ಎಂದು ಮಾತು ಜೋಡಿಸತೊಡಗಿದಳು. ಟ್ರ್ಯಾಕ್ಟರ್ ವಿಮಾನದ ಮೂಗಿಗೆ ಕೊಂಡಿ ಸಿಕ್ಕಿಸಿಕೊಂಡಿತು. ಗಾಲಿಗಳು ಮೆಲ್ಲಗೆ ಉರುಳಿ ಹಳದಿ ಗೆರೆಯ ಕಡೆ ಹೊರಟವು.

ಅಳಿಯ ನಿಂತ. ಉರುಳುವ ಗಾಲಿಯನ್ನು ನೋಡಿದ. ತಿರುಗಿದ. ದೊಡ್ಡ ಹೆಜ್ಜೆ ಹಾಕಿಕೊಂಡು ಬಂದು, ಸೊಂಟದ ಕೊಂಡಿಯಿಂದ ಒಂದು ಬಿಲ್ಲೆ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ಠಪ್ಪನೆ ಇಟ್ಟ.

“ಚೀಫ್,” ಎಂದು ಕರೆದ. ಟ್ರ್ಯಾಕ್ಟರಿನ ಸದ್ದಿಗೆ ಮೇಲಾಗಿ ಕೂಗಬೇಕಾಯಿತು, ಹಾಗಾಗಿ ಎಲ್ಲರಿಗೂ ಕೇಳಿಸಿತು. “ಈ ಬಿಲ್ಲೆ ಇನ್ನೂ ಆ ನೆರಳಿನ ಮೇಲೇ ಇರಬೇಕಿತ್ತು. ಬೆಳಿಗ್ಗೆ ತಗೊಂಡಿದ್ದು ನಾನು. ಬಾಗಿಲು ಮುಚ್ಚಿದ ಮೇಲೆ ಕಾಣಲಿಲ್ಲ. ಮನೇದೊಂದು ತಂದು, ನಂಬರ್ ಗೀಚಿ ಕೊಟ್ಟೆ. ಇವರು ಕಂಡುಹಿಡಿದು ಅದನ್ನ ಇಳಿಸಿದಾರೆ.”

ಟ್ರ್ಯಾಕ್ಟರಿನವನು ಎಂಜಿನ್ ಆರಿಸಿದ. ಅಳಿಯನ ಸ್ವರ ತಗ್ಗಿತು.

“ಅವರಿಗೆ ವಯಸ್ಸಾಗಿಲ್ಲ ಚೀಫ್. ಅವರ ಕಣ್ಣು ಸರಿಯಾಗೇ ಇದೆ.”

ಚೀಫ್ ಅವನನ್ನು ನೋಡಿದರು, ಆಮೇಲೆ ಬಿಲ್ಲೆಯಮ್ಮನನ್ನು ನೋಡಿದರು. ಆಕೆ ಜೇಬಿನಿಂದ ಮುಕ್ಕು ಸ್ಕ್ರೂಡ್ರೈವರು ತೆಗೆದು ಬಿಲ್ಲೆಯ ಪಕ್ಕದಲ್ಲಿ ಇಟ್ಟಳು.

“ನೀವು ಯಾಕೆ ಹೇಳ್ಲಿಲ್ಲ, ಅಮ್ಮಾ?”

“ವಿಮಾನ ನಿಲ್ಲಿಸೋದು ನನ್ನ ಕೆಲಸ, ನಿಲ್ಲಿಸಿದೆ. ಬಾಯಿ ಬಿಡೋದು ಅವರ ಕೆಲಸ.”

“ಅವರು ಬಿಡದೇ ಇದ್ದಿದ್ರೆ?”

“ಗಾಲಿ ಗೆರೆ ದಾಟಿದ ತಕ್ಷಣ ಇದನ್ನ ತಂದು ನಿಮ್ಮ ಕೈಲಿ ಇಡ್ತಿದ್ದೆ.”

ಅಳಿಯ ಆಕೆಯ ಮುಖ ನೋಡಿದ. ನಿಜವೆಂದು ಅವನಿಗೆ ಗೊತ್ತಾಯಿತು. ಗಾಲಿ ಗೆರೆಗೆ ಎರಡು ಮಾರು ಈಚೆಗೆ ನಿಂತಿತ್ತು.

ಚೀಫ್ ಗಲ್ಲ ಕೆರೆದುಕೊಂಡರು. “ಮುಚ್ಚಿಟ್ಟವರಿಗೆ ಗೇಟು ಅಂತ ಹೇಳಿದ್ದು ನಾನೇ,” ಎಂದರು ಕೊನೆಗೆ. “ನೀವು ಗೇಟಿನವರೆಗೂ ಹೋಗಿ ವಾಪಸು ಬಂದಿದೀರಿ. ಈ ಸಲ ಪರೀಕ್ಷೆಗೆ ನಿಮ್ಮ ಹೆಸರು ಕಳಿಸಲ್ಲ. ಮುಂದಿನ ಸಲದ್ದು ಮುಂದೆ ನೋಡೋಣ. ನಾನು ಹೇಳೋ ತನಕ ವಿಮಾನ ಮುಟ್ಟಬೇಡಿ, ನೆಲ ಗುಡಿಸಿ. ಮತ್ತೆ ಅಮ್ಮಾ, ಇನ್ನೊಂದು ಸಲ ಇಂಥ ಆಟ ಆಡಬೇಡಿ. ಗೊತ್ತಾಗಿದ್ದನ್ನ ನನಗೆ ಮೊದಲು ಹೇಳಿ.”

“ಆಯ್ತು,” ಎಂದಳು ಬಿಲ್ಲೆಯಮ್ಮ. ಬೈಸಿಕೊಳ್ಳಬೇಕಾದದ್ದೇ ಎಂದು ಅವಳಿಗೂ ಅನಿಸಿತ್ತು.

ರಾತ್ರಿ ಮನೆಯಲ್ಲಿ ಮಗಳು ತಾಯಿಯೊಂದಿಗೆ ಮಾತಾಡಲಿಲ್ಲ. ಗಂಡನೊಂದಿಗೂ ಆಡಲಿಲ್ಲ. ತಟ್ಟೆಗಳನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋದಳು. ಅತ್ತೆ ಅಳಿಯ ಎದುರುಬದುರು ಉಣ್ಣಲು ಕೂತರು. ಆಗ ಹೊರಗೆ ಒಂದು ವಿಮಾನ ಏರುವ ಸದ್ದು ಕೇಳಿಸಿತು. ಇಬ್ಬರೂ ಕೈ ತಡೆದು ಕಿವಿಗೊಟ್ಟರು. ಸದ್ದು ಎಲ್ಲೂ ಎಡವದೆ ದೂರವಾಗಿ ಕರಗಿಹೋಯಿತು.

“ಹೋಯ್ತು,” ಎಂದ ಅಳಿಯ. ತಟ್ಟೆಯನ್ನೇ ನೋಡುತ್ತ ಕೇಳಿದ: “ನಂಬರ್ ಸರಿಯಾಗೇ ಗೀಚಿದ್ದೆ. ಹೇಗೆ ಗೊತ್ತಾಯ್ತು ಅತ್ತೆ?”

ಬಿಲ್ಲೆಯಮ್ಮ ಸಕ್ಕರೆ ಡಬ್ಬದ ಕಥೆ ಹೇಳಿದಳು. ಅಳಿಯ ನಗಲು ಹೋಗಿ ಆಗದೆ ಮುಖ ಮುಚ್ಚಿಕೊಂಡ. ಅವನ ಭುಜ ಅಲ್ಲಾಡಿತು. “ರಾಟೆ ಪಕ್ಕದಲ್ಲೇ ಇತ್ತು ಅತ್ತೆ,” ಎಂದ, “ಇಷ್ಟೇ ದೂರ,” ಎಂದು ಬೆರಳಿನಲ್ಲಿ ತೋರಿಸಿದ. ಅತ್ತೆ ಎದ್ದು ಹೋಗಿ ಅವನ ತಲೆಯ ಮೇಲೆ ಕೈ ಇಟ್ಟಳು. ಮದುವೆಯಾದಾಗಿನಿಂದ ಅವನನ್ನು ಮುಟ್ಟಿದ್ದು ಅದೇ ಮೊದಲು. ಒಳಗಿನಿಂದ ಮಗಳು ಬಂದು ಬಾಗಿಲಿಗೆ ಒರಗಿ ನಿಂತಳು. ಆಮೇಲೆ ಕುರ್ಚಿ ಎಳೆದುಕೊಂಡು ತಾನೂ ಊಟಕ್ಕೆ ಕೂತಳು.

ಮಾರನೆಯ ಬೆಳಿಗ್ಗೆ ಉಗ್ರಾಣದ ಕಿಟಕಿಯಲ್ಲಿ ಎಂದಿನ ಸಾಲು. ಅಳಿಯನ ಸರದಿ ಬಂತು. ಹಿಂದೆ ನಿಂತಿದ್ದ ಉದ್ದಣ್ಣ ಬಾಯಿ ತೆರೆದವನು ಏನೋ ಯೋಚಿಸಿ ಮುಚ್ಚಿಕೊಂಡ.

“ಒಂದು ಪೊರಕೆ,” ಎಂದ ಅಳಿಯ.

“ಬಿಲ್ಲೆ?”

“ಪೊರಕೆಗೂ ಬೇಕಾ ಅತ್ತೆ?” ಹ್ಯಾಂಗರಿನಲ್ಲಿ ಅವನು ಆಕೆಯನ್ನು ಹಾಗೆ ಕರೆದದ್ದು ಎಲ್ಲರಿಗೂ ಕೇಳಿಸಿತು.

“ಬೇಕು.”

ಅವನು ಬಿಲ್ಲೆ ಕೊಟ್ಟು, ಪೊರಕೆ ಹೆಗಲಿಗೇರಿಸಿ ಹೋದ. ಹಲಗೆಯಲ್ಲಿ ಪೊರಕೆಗೆ ನೆರಳು ಇರಲಿಲ್ಲ. ಬಿಲ್ಲೆಯನ್ನು ಎಲ್ಲಿ ಹಾಕುವುದೆಂದು ಬಿಲ್ಲೆಯಮ್ಮನಿಗೆ ಮೊದಲು ತೋಚಲಿಲ್ಲ. ಕೊನೆಗೆ ಅದನ್ನು ಕೋಟಿನ ಜೇಬಿನಲ್ಲಿ, ನಿನ್ನೆ ಮುಕ್ಕು ಸ್ಕ್ರೂಡ್ರೈವರು ಇದ್ದಲ್ಲಿ ಹಾಕಿಕೊಂಡು, ಮುಂದಿನವನಿಗೆ ಕೈ ಚಾಚಿದಳು. ಸಂಜೆಯವರೆಗೂ ಆಗಾಗ ಜೇಬು ಮುಟ್ಟಿ ಅದು ಇದೆಯೇ ಎಂದು ನೋಡಿಕೊಳ್ಳುತ್ತಿದ್ದಳು.